ಮಿಶ್ರಾಭ್ಯಾಸ

ಶಾಸ್ತ್ರವನ್ನು ಬಲ್ಲವನು ಬೇರೆ. ಶಾಸ್ತ್ರವನ್ನು ಎಲ್ಲಿ ಪ್ರಯೋಗಿಸಬೇಕೆಂಬುದನ್ನು ಬಲ್ಲವನು ಬೇರೆ. ಮೂಲಿಕೆಗಳ ಹೆಸರನ್ನೂ ಗುಣವನ್ನೂ ಕಂಠಪಾಠ ಮಾಡಿದ ಮಾತ್ರಕ್ಕೆ ಯಾವನೂ ವೈದ್ಯನಾಗುವುದಿಲ್ಲ. ಎದುರಿಗೆ ಬಂದು ಕುಳಿತ ರೋಗಿಯ ನಾಡಿಯನ್ನು ಹಿಡಿದು, ಈತನಿಗೆ ಬೇಕಾದ ಮದ್ದು ಇಂಥದೇ ಎಂದು ನಿಶ್ಚಯಿಸಬಲ್ಲವನು ವೈದ್ಯನೆನಿಸಿಕೊಳ್ಳುತ್ತಾನೆ. ರೋಗಿಯು ತನ್ನ ರೋಗದ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲವಷ್ಟೆ. ಈ ಮಾತು ಎಲ್ಲರಿಗೂ ತಿಳಿದುದೇ. ಆದರೆ ಪ್ರೌಢಶಾಲೆಯ ಮಕ್ಕಳ ಗಣಿತಾಭ್ಯಾಸದ ವಿಷಯದಲ್ಲಿ ಮಾತ್ರ ಇದು ಬಹುಮಟ್ಟಿಗೆ ಮರೆತುಹೋಗಿರುವಂತೆ ಕಾಣುತ್ತದೆ.

ಇಂದಿನ ಹತ್ತನೆಯ ತರಗತಿಯ ಗಣಿತಪುಸ್ತಕವನ್ನು ತೆರೆದು ನೋಡಿದರೆ ತ್ರಿಭುಜಗಳದು ಒಂದು ಪಾಠ, ವೃತ್ತಗಳದು ಒಂದು ಪಾಠ, ವರ್ಗಸಮೀಕರಣಗಳದು ಮತ್ತೊಂದು, ಸಂಭವನೀಯತೆಯದು ಇನ್ನೊಂದು. ಪ್ರತಿಯೊಂದು ಪಾಠದ ಕೊನೆಯಲ್ಲಿಯೂ ಅಭ್ಯಾಸದ ಲೆಕ್ಕಗಳಿರುತ್ತವೆ. ಅವು ಹೆಚ್ಚಾಗಿ ಆ ಪಾಠದ ಜಾತಿಗೇ ಸೇರಿದವು. ವರ್ಗಸಮೀಕರಣದ ಪಾಠ ನಡೆಯುತ್ತಿರುವ ವಾರದಲ್ಲಿ ಮಗುವಿಗೆ ಬರುವ ಇಪ್ಪತ್ತು ಲೆಕ್ಕಗಳೂ ವರ್ಗಸಮೀಕರಣದವೇ. ಲೆಕ್ಕವನ್ನು ಓದುವ ಮೊದಲೇ ಅದಕ್ಕೆ ಯಾವ ಉಪಾಯವೆಂಬುದು ಗೊತ್ತಾಗಿಹೋಗಿದೆ. ಇಲ್ಲಿ ರೋಗಿಯು ರೋಗದ ಹೆಸರನ್ನು ಹಣೆಯ ಮೇಲೆ ಬರೆದುಕೊಂಡೇ ಬಂದಿದ್ದಾನೆ! ಮಗುವು ಅಂಕಿಗಳನ್ನು ಹೆಕ್ಕಿ, ಸೂತ್ರದೊಳಗಿಟ್ಟು, ಉತ್ತರವನ್ನು ತೆಗೆಯುವುದು. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿಯಾಗುವುವು. ಮಗುವಿಗೂ ಸಂತೋಷ, ಉಪಾಧ್ಯಾಯರಿಗೂ ಸಂತೋಷ, ಮನೆಯವರಿಗೂ ಸಂತೋಷ.

ಮೂರು ತಿಂಗಳ ಮೇಲೆ ಪರೀಕ್ಷೆ ಬರುತ್ತದೆ. ಪ್ರಶ್ನಪತ್ರಿಕೆಯಲ್ಲಿ ಅದೇ ಬಗೆಯ ಲೆಕ್ಕ. ಆದರೆ ತಲೆಯ ಮೇಲೆ ಪಾಠದ ಹೆಸರಿಲ್ಲ. ಹಿಂದಿನದು ರೇಖಾಗಣಿತದ ಪ್ರಶ್ನೆ, ಮುಂದಿನದು ಸಂಭವನೀಯತೆಯ ಪ್ರಶ್ನೆ, ನಡುವೆ ಇದು. ಹತ್ತೊಂಬತ್ತು ಲೆಕ್ಕಗಳನ್ನು ಸರಿಮಾಡಿದ್ದ ಹುಡುಗಿಯು ಲೇಖನಿಯನ್ನು ಹಿಡಿದು ಸುಮ್ಮನೆ ಕುಳಿತುಬಿಡುತ್ತಾಳೆ. ಮನೆಗೆ ಬಂದು, “ಬರುತ್ತಿತ್ತು, ಮರೆತುಹೋಯಿತು” ಎನ್ನುತ್ತಾಳೆ. ತಂದೆಯು, ಓದಿದ್ದು ಸಾಲದೆನ್ನುತ್ತಾನೆ. ತಾಯಿಯು, ಅವಸರಪಟ್ಟಳೆನ್ನುತ್ತಾಳೆ. ನೆರೆಮನೆಯವರು, ಗಣಿತವೆಂಬುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲವೆಂದು ಸಮಾಧಾನ ಹೇಳುತ್ತಾರೆ. ಈ ನಾಲ್ಕು ಮಾತುಗಳೂ ಬಹುವೇಳೆ ತಪ್ಪು. ಹುಡುಗಿಯು ಕಲಿತದ್ದನ್ನು ಮರೆತಿಲ್ಲ. ಇಂಥ ಲೆಕ್ಕಕ್ಕೆ ಇಂಥ ಉಪಾಯವೆಂದು ಗುರುತಿಸುವುದನ್ನು ಆಕೆಗೆ ಯಾರೂ ಕಲಿಸಿಯೇ ಇರಲಿಲ್ಲ. ಕಲಿಯುವ ಅವಕಾಶವೂ ದೊರೆತಿರಲಿಲ್ಲ. ಇಪ್ಪತ್ತು ಲೆಕ್ಕಗಳಲ್ಲಿ ಒಂದು ಸಾರಿಯಾದರೂ ಆಕೆಯು ಉಪಾಯವನ್ನು ತಾನಾಗಿ ಆರಿಸಿಕೊಳ್ಳಬೇಕಾಗಿ ಬಂದಿರಲಿಲ್ಲ.

ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವರಿಗೆ ಈ ಸಂಗತಿಯನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು ೪,೦೦೦ ಸೂತ್ರಗಳುಂಟು. ಅವೆಲ್ಲವನ್ನೂ ಕ್ರಮವಾಗಿ ಒಪ್ಪಿಸಬಲ್ಲ ವಿದ್ಯಾರ್ಥಿಗೂ, ‘ರಾಮಃ’ ಎಂಬ ಎರಡಕ್ಷರದ ಪದವನ್ನು ಸಾಧಿಸಿ ತೋರಿಸು ಎಂದರೆ ಮೊದಮೊದಲು ಗಂಟಲು ಒಣಗುತ್ತದೆ. ಏಕೆಂದರೆ ಆ ಪುಟ್ಟ ಪದದ ಸಿದ್ಧಿಗೆ ಮೊದಲನೆಯ ಅಧ್ಯಾಯದ ಸಂಜ್ಞಾಸೂತ್ರಗಳೂ, ನಾಲ್ಕನೆಯ ಅಧ್ಯಾಯದ ಪ್ರತ್ಯಯವಿಧಿಯೂ, ಎಂಟನೆಯ ಅಧ್ಯಾಯದ ವಿಸರ್ಗವಿಧಿಯೂ ಒಂದೆಡೆ ಕೂಡಬೇಕು. ಭಟ್ಟೋಜಿದೀಕ್ಷಿತನು ಸಿದ್ಧಾಂತಕೌಮುದಿಯಲ್ಲಿ ಸೂತ್ರಗಳನ್ನು ಪ್ರಕ್ರಿಯೆಯ ಕ್ರಮದಲ್ಲಿ ಹೆಣೆದದ್ದು ಈ ಕಷ್ಟವನ್ನು ಕಂಡೇ. ಸೂತ್ರಪಾಠವು ಬೇಡವೆಂದಲ್ಲ, ಪಾಠವಿಲ್ಲದೆ ಪ್ರಕ್ರಿಯೆಯಿಲ್ಲ. ಆದರೆ ಪ್ರಕ್ರಿಯೆಯಿಲ್ಲದ ಪಾಠವು ಬೀಗಗಳನ್ನು ನೋಡದೆ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಂತೆ.

ಇದಕ್ಕೆ ಒಂದು ದೃಷ್ಟಾಂತ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ೨೦೧೫ನೆಯ ಇಸವಿಯ ಜೂನ್ ತಿಂಗಳಲ್ಲಿ ಅಲ್ಲಿ ಹದಿನಾರರ ಪ್ರಾಯದ ವಿದ್ಯಾರ್ಥಿಗಳಿಗೆ ನಡೆದ ಗಣಿತಪರೀಕ್ಷೆಯಲ್ಲಿ ಮಿಠಾಯಿಯ ಲೆಕ್ಕವೊಂದಿದ್ದಿತು. ಒಂದು ಚೀಲದಲ್ಲಿ ಕೆಲವು ಮಿಠಾಯಿಗಳಿವೆ. ಅವುಗಳಲ್ಲಿ ಆರು ಕಿತ್ತಳೆಯ ಬಣ್ಣದವು, ಉಳಿದವು ಹಳದಿ. ಹ್ಯಾನಾ ಎಂಬ ಹುಡುಗಿಯು ನೋಡದೆ ಒಂದನ್ನು ತೆಗೆದು ತಿನ್ನುತ್ತಾಳೆ. ಮತ್ತೆ ನೋಡದೆ ಇನ್ನೊಂದನ್ನು ತೆಗೆದು ತಿನ್ನುತ್ತಾಳೆ. ಎರಡೂ ಕಿತ್ತಳೆಯ ಬಣ್ಣದವಾಗುವ ಸಂಭವನೀಯತೆಯು ಮೂರರಲ್ಲಿ ಒಂದು. ಇಷ್ಟು ಹೇಳಿ, ಮಿಠಾಯಿಗಳ ಒಟ್ಟು ಸಂಖ್ಯೆಯು ಒಂದು ವರ್ಗಸಮೀಕರಣಕ್ಕೆ ಒಳಪಡುವುದೆಂದು ತೋರಿಸಿ ಎಂದು ಕೇಳಿದ್ದರು. ಪರೀಕ್ಷೆ ಮುಗಿದೊಡನೆ ದೇಶದಲ್ಲೆಲ್ಲ ಕೋಲಾಹಲ. ಮಿಠಾಯಿಯಿಂದ ಹೊರಟ ಮಾತು ಸಮೀಕರಣಕ್ಕೆ ಹೇಗೆ ಬಂದಿತೆಂದು ಮಕ್ಕಳು ಹುಯ್ಯಲಿಟ್ಟರು. ಪತ್ರಿಕೆಗಳಲ್ಲಿ ಅದೇ ಸುದ್ದಿ.

ಲೆಕ್ಕವೇನೂ ಬೆಟ್ಟವಲ್ಲ. ಪ್ರಾಚೀನರು ತಿಳಿಯದ ರಾಶಿಗೆ ‘ಯಾವತ್ತಾವತ್’ ಎಂದು ಹೆಸರಿಟ್ಟು, ಅದನ್ನು ‘ಯಾ’ ಎಂದು ಸಂಕ್ಷೇಪಿಸುತ್ತಿದ್ದರು. ಮಿಠಾಯಿಗಳ ಸಂಖ್ಯೆಯು ‘ಯಾ’ ಆಗಿರಲಿ. ಮೊದಲನೆಯದು ಕಿತ್ತಳೆಯ ಬಣ್ಣದ್ದಾಗುವ ಸಂಭವ ‘ಯಾ’ದಲ್ಲಿ ೬. ಅದನ್ನು ತಿಂದ ಮೇಲೆ ಒಟ್ಟಿನಲ್ಲಿ ಒಂದು ಕಡಮೆ, ಕಿತ್ತಳೆಯಲ್ಲಿಯೂ ಒಂದು ಕಡಮೆ. ಆದುದರಿಂದ ಎರಡನೆಯದರ ಸಂಭವ, ಒಂದು ಕಳೆದ ‘ಯಾ’ದಲ್ಲಿ ೫. ಎರಡನ್ನೂ ಗುಣಿಸಿದರೆ ಮೇಲೆ ೩೦. ಕೆಳಗೆ ‘ಯಾ’ವನ್ನು ಅದಕ್ಕಿಂತ ಒಂದು ಕಡಮೆಯಾದ ಸಂಖ್ಯೆಯಿಂದ ಗುಣಿಸಿದ ಫಲ. ಇದು ಮೂರನೆಯ ಒಂದು ಭಾಗವಾಗಬೇಕಾದರೆ ಕೆಳಗಿನ ಗುಣಲಬ್ಧವು ೯೦ ಆಗಿರಬೇಕು. ಹತ್ತು ಒಂಬತ್ತಲೆ ತೊಂಬತ್ತು. ಚೀಲದಲ್ಲಿದ್ದವು ಹತ್ತು ಮಿಠಾಯಿಗಳು. ಆ ಮಕ್ಕಳಿಗೆ ಭಿನ್ನರಾಶಿಯ ಗುಣಾಕಾರ ತಿಳಿದಿದ್ದಿತು, ಸಂಭವನೀಯತೆ ತಿಳಿದಿದ್ದಿತು, ಸಮೀಕರಣವೂ ತಿಳಿದಿದ್ದಿತು. ಮೂರು ಮನೆಗಳನ್ನೂ ಬಲ್ಲ ಅವರಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಇದ್ದ ಓಣಿಯೊಂದು ತಿಳಿದಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಮಿಶ್ರಪ್ರಶ್ನೆಗಳು ಪಶ್ಚಿಮದೇಶದವರು ಹೊಸದಾಗಿ ತಂದ ತೊಂದರೆಯೆಂದು ಭಾವಿಸಬೇಕಾಗಿಲ್ಲ. ಕನ್ನಡನಾಡಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ನೆಯ ಇಸವಿಯಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಅದರಲ್ಲಿ ‘ಮಿಶ್ರಕವ್ಯವಹಾರ’ವೆಂಬ ಒಂದು ಪ್ರಕರಣವೇ ಉಂಟು. ಅಸಲೂ ಬಡ್ಡಿಯೂ ಬೆರೆತು ಒಂದೇ ಮೊತ್ತವಾಗಿ ಬಂದಾಗ ಅವುಗಳನ್ನು ಬೇರ್ಪಡಿಸುವುದು ಹೇಗೆ ಎಂಬಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ. ಲೋಕದಲ್ಲಿ ರಾಶಿಗಳು ಬೇರೆ ಬೇರೆ ಬುಟ್ಟಿಗಳಲ್ಲಿ ಬರುವುದಿಲ್ಲ, ಬೆರೆತೇ ಬರುತ್ತವೆ, ಬಿಡಿಸಿಕೊಳ್ಳುವವನು ಗಣಕ ಎಂಬ ಭಾವವು ಆ ಹೆಸರಿನಲ್ಲಿಯೇ ಅಡಗಿದೆ.

ಅದೇ ಪ್ರಕರಣದಲ್ಲಿ ಆಚಾರ್ಯನು, ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ನಿಯಮವನ್ನು ಕೊಟ್ಟು, ಷಡ್ರಸಗಳನ್ನು ಉದಾಹರಣೆಯಾಗಿ ಹಿಡಿದಿದ್ದಾನೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರರಲ್ಲಿ ಒಂದೊಂದನ್ನೇ ತೆಗೆದುಕೊಂಡರೆ ೬ ಬಗೆ, ಎರಡೆರಡಾಗಿ ೧೫, ಮೂರು ಮೂರಾಗಿ ೨೦, ನಾಲ್ಕು ನಾಲ್ಕಾಗಿ ೧೫, ಐದೈದಾಗಿ ೬, ಆರೂ ಕೂಡಿ ೧. ಒಟ್ಟು ೬೩ ರುಚಿಗಳು. ಯಾವ ರಸವೂ ಇಲ್ಲದ ಸಪ್ಪೆಯನ್ನೂ ಸೇರಿಸಿದರೆ ೬೪.

ಈ ೧, ೬, ೧೫, ೨೦, ೧೫, ೬, ೧ ಎಂಬ ಸಾಲನ್ನು ವಾಚಕರು ಸ್ವಲ್ಪ ನಿಂತು ನೋಡಬೇಕು. ಛಂದಸ್ಸನ್ನು ಓದಿದವರಿಗೆ ಇದು ಪಿಂಗಳನ ಸೂತ್ರಗಳಿಗೆ ಹಲಾಯುಧನು ಹತ್ತನೆಯ ಶತಮಾನದಲ್ಲಿ ಬರೆದ ವ್ಯಾಖ್ಯಾನದ ಮೇರುಪ್ರಸ್ತಾರದಲ್ಲಿ ಬರುವ ಸಾಲು. ಪಾದಕ್ಕೆ ಆರಕ್ಷರವುಳ್ಳ ಗಾಯತ್ರೀವರ್ಗದಲ್ಲಿ ೬೪ ಸಮವೃತ್ತಗಳು ಸಾಧ್ಯ. ಅವುಗಳಲ್ಲಿ ಮೂರು ಗುರು, ಮೂರು ಲಘು ಇರತಕ್ಕವು ೨೦. ಬೀಜಗಣಿತವನ್ನು ಓದುವ ಹುಡುಗನಿಗೆ ಇದೇ ಸಾಲು, ಎರಡು ರಾಶಿಗಳ ಮೊತ್ತವನ್ನು ಆರನೆಯ ಘಾತಕ್ಕೆ ಏರಿಸಿದಾಗ ದೊರೆಯುವ ಗುಣಕಗಳು. ಆರು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಸರಿಯಾಗಿ ಮೂರು ಮುಖಮೇಲಾಗಿ ಬೀಳುವ ಸಂಭವವೆಷ್ಟೆಂದು ಕೇಳಿದರೆ, ೬೪ರಲ್ಲಿ ೨೦, ಎಂದರೆ ೧೬ರಲ್ಲಿ ೫, ಎಂಬ ಉತ್ತರವೂ ಇಲ್ಲಿಂದಲೇ ಬರುತ್ತದೆ. ಮಹಾವೀರಾಚಾರ್ಯನು ಸಂಭವದ ಮಾತನ್ನು ಆಡಲಿಲ್ಲ. ಆ ಶಾಸ್ತ್ರವು ರೂಪುಗೊಂಡುದು ೧೬೫೪ರಲ್ಲಿ ಫ್ರಾನ್ಸ್ ದೇಶದ ಪ್ಯಾಸ್ಕಲ್, ಫರ್ಮಾ ಎಂಬಿಬ್ಬರು ಜೂಜಿನ ಪ್ರಶ್ನೆಯನ್ನು ಕುರಿತು ಬರೆದುಕೊಂಡ ಕಾಗದಗಳಿಂದ. ಆದರೆ ಆತನು ಅಡಿಗೆಮನೆಯಲ್ಲಿ ಎಣಿಸಿದ ಸಂಖ್ಯೆಗಳೇ ಆ ಶಾಸ್ತ್ರಕ್ಕೂ ಬೇಕಾದುವು. ಮಕ್ಕಳಿಗೆ ಇವನ್ನು ಬೇರೆ ಬೇರೆ ಪಾಠಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಕಲಿಸಿ, ಇವೆಲ್ಲ ಒಂದೇ ಎಂಬುದನ್ನು ಹೇಳದೆ ಬಿಟ್ಟರೆ, ಔತಣಕ್ಕೆ ಕರೆದು ಪಾಯಸವನ್ನು ಬಡಿಸದೆ ಕಳುಹಿಸಿದಂತಾಗುವುದು.

೧೧೫೦ರಲ್ಲಿ ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯನ ರೀತಿಯೂ ಇಂಥದೇ. ನವಿಲು ಹಾವುಗಳ ಲೆಕ್ಕವು ಹಳೆಯ ಮನೆತನಗಳಲ್ಲಿ ಅನೇಕರಿಗೆ ಪರಿಚಿತ. ಒಂಬತ್ತು ಮೊಳದ ಕಂಬ, ಬುಡದಲ್ಲಿ ಹುತ್ತ, ತುದಿಯಲ್ಲಿ ನವಿಲು. ಕಂಬದ ಎತ್ತರದ ಮೂರರಷ್ಟು, ಎಂದರೆ ೨೭ ಮೊಳ ದೂರದಿಂದ, ಹಾವು ಹುತ್ತದ ಕಡೆಗೆ ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಎರಡೂ ಸಮದೂರ ನಡೆದು ಸಂಧಿಸುತ್ತವೆ. ಹುತ್ತದಿಂದ ಎಷ್ಟು ದೂರದಲ್ಲಿ? ಕಂಬವೂ ನೆಲವೂ ಲಂಬಕೋನವನ್ನು ಕಟ್ಟಿವೆ. ನವಿಲಿನ ದಾರಿಯು ಕರ್ಣ. ಇದು ಕ್ಷೇತ್ರಗಣಿತ. ಹಾವು ನಡೆದ ದೂರವು ೨೭ರಲ್ಲಿ ‘ಯಾ’ ಕಳೆದದ್ದು, ಅದೇ ಕರ್ಣಕ್ಕೆ ಸಮ. ಇದು ಬೀಜಗಣಿತ. ಎರಡನ್ನೂ ಕೂಡಿಸಿದರೆ ಹುತ್ತದಿಂದ ೧೨ ಮೊಳ. ಕರ್ಣ ೧೫ ಮೊಳ. ಚಿತ್ರವನ್ನು ಬರೆಯದವನಿಗೆ ಸಮೀಕರಣ ಹೊಳೆಯದು. ಸಮೀಕರಣವನ್ನರಿಯದವನಿಗೆ ಚಿತ್ರವು ಬರಿಯ ಚಿತ್ರವಾಗಿಯೇ ಉಳಿಯುವುದು. ಬೀಜಗಣಿತವೆಂಬುದು ಅಕ್ಷರಗಳಲ್ಲಿಲ್ಲ, ಬುದ್ಧಿಯಲ್ಲಿದೆ ಎಂಬುದು ಆ ಮಹನೀಯನ ಅಭಿಪ್ರಾಯ. ಸೂತ್ರವನ್ನು ಉರುಹೊಡೆದು ತೃಪ್ತರಾಗುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಹಾಗಾದರೆ ಗುರುತಿಸುವ ಬುದ್ಧಿಯನ್ನು ಬೆಳೆಸುವ ಅಭ್ಯಾಸವು ಹೇಗಿರಬೇಕು? ಒಂದೇ ಆಯತವನ್ನು ಕುರಿತ ನಾಲ್ಕು ಪ್ರಶ್ನೆಗಳನ್ನು ನೋಡಬಹುದು. ಒಂದು ಆಯತದ ಉದ್ದವು ಅಗಲಕ್ಕಿಂತ ೭ ಮೊಳ ಹೆಚ್ಚು. ಮೊದಲನೆಯ ಪ್ರಶ್ನೆ: ಅದರ ಸುತ್ತಳತೆ ೩೪ ಮೊಳವಾದರೆ ಅಗಲವೆಷ್ಟು? ಎರಡನೆಯದು: ಅದರ ಕ್ಷೇತ್ರಫಲ ೬೦ ಚದರ ಮೊಳವಾದರೆ ಅಗಲವೆಷ್ಟು? ಮೂರನೆಯದು: ಅದರ ಕರ್ಣವು ೧೩ ಮೊಳವಾದರೆ ಅಗಲವೆಷ್ಟು? ನಾಲ್ಕನೆಯದು: ಆ ಆಯತದ ಒಂದು ತುದಿಯಲ್ಲಿ ಅದರ ಅಗಲವನ್ನೇ ಬಾಹುವಾಗಿ ಮಾಡಿಕೊಂಡು ಒಂದು ಚೌಕವನ್ನು ಬರೆದಿದೆ, ಆಯತದೊಳಗೆ ಎಲ್ಲೆಂದರಲ್ಲಿ ಬೀಳಬಹುದಾದ ಒಂದು ಕಾಳು ಆ ಚೌಕದಲ್ಲಿ ಬೀಳುವ ಸಂಭವನೀಯತೆಯು ೧೨ರಲ್ಲಿ ೫ ಆದರೆ ಅಗಲವೆಷ್ಟು?

ನಾಲ್ಕೂ ಪ್ರಶ್ನೆಗಳ ಮಾತು ಒಂದೇ ತೆರ, ಉತ್ತರವೂ ಒಂದೇ: ಅಗಲ ೫ ಮೊಳ, ಉದ್ದ ೧೨ ಮೊಳ. ಆದರೆ ಒಂದೊಂದರ ಬಾಗಿಲೂ ಬೇರೆ. ಸುತ್ತಳತೆಯ ಪ್ರಶ್ನೆಗೆ ಸರಳ ಸಮೀಕರಣ ಸಾಕು. ಉದ್ದವೂ ಅಗಲವೂ ಕೂಡಿ ೧೭, ಅಂತರ ೭. ಕ್ಷೇತ್ರಫಲದ ಪ್ರಶ್ನೆಗೆ ವರ್ಗಸಮೀಕರಣವೇ ಬೇಕು. ಕರ್ಣದ ಪ್ರಶ್ನೆಯಲ್ಲಿ ಮೊದಲು ಲಂಬಕೋನ ತ್ರಿಭುಜವನ್ನು ಕಾಣಬೇಕು. ಭುಜಗಳ ವರ್ಗಗಳನ್ನು ಕೂಡಿಸಿ, ೧೬೯ಕ್ಕೆ ಸಮವೆಂದು ಬರೆದು, ಸಂಕ್ಷೇಪಿಸಿದರೆ, ಆಶ್ಚರ್ಯವೇನೆಂದರೆ, ಕ್ಷೇತ್ರಫಲದ ಪ್ರಶ್ನೆಯಲ್ಲಿ ಬಂದ ಸಮೀಕರಣವೇ ಮತ್ತೆ ಬಂದು ನಿಲ್ಲುತ್ತದೆ. ಸಂಭವನೀಯತೆಯ ಪ್ರಶ್ನೆಯು ಭಯಂಕರವಾಗಿ ಕಂಡರೂ, ಚೌಕದ ಫಲವನ್ನು ಆಯತದ ಫಲದಿಂದ ಭಾಗಿಸಿದಾಗ ಅಗಲವು ಮೇಲೆ ಕೆಳಗೆ ಹೋಗಿ, ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣವು ೫ಕ್ಕೆ ೧೨ ಎಂಬುದಷ್ಟೆ ಉಳಿಯುತ್ತದೆ. ಹೀಗೆ ನಾಲ್ಕನ್ನು ಒಟ್ಟಿಗೆ ಮಾಡಿದ ಮಗುವು, ಒಂದೇ ಜಾತಿಯ ನಲವತ್ತನ್ನು ಮಾಡಿದ ಮಗುವು ಕಾಣದ ಒಂದನ್ನು ಕಾಣುತ್ತದೆ: ಪ್ರಶ್ನೆಯ ಯಾವ ಪದವು ಯಾವ ಬಾಗಿಲನ್ನು ತೆರೆಯಿತೆಂಬುದನ್ನು.

ಮೂರು ಶಾಸ್ತ್ರಗಳೂ ಬೇರ್ಪಡಿಸಲಾಗದಂತೆ ಕೂಡಿಬರುವ ಲೆಕ್ಕವೊಂದನ್ನೂ ಇಲ್ಲಿಯೇ ಹೇಳಬಹುದು. ಗಣಿತಪುಸ್ತಕಗಳಲ್ಲಿ ಪ್ರಸಿದ್ಧವಾದ ಲೆಕ್ಕವದು. ಇಬ್ಬರು ಸ್ನೇಹಿತರು ಸಂಜೆ ೫ ಗಂಟೆಗೂ ೬ ಗಂಟೆಗೂ ನಡುವೆ ಗ್ರಂಥಾಲಯದ ಜಗುಲಿಯಲ್ಲಿ ಸಂಧಿಸುವುದೆಂದು ಮಾತಾಡಿಕೊಂಡಿದ್ದಾರೆ. ಇಂಥ ನಿಮಿಷವೆಂದು ಗೊತ್ತುಮಾಡಿಲ್ಲ. ಮೊದಲು ಬಂದವನು ೧೫ ನಿಮಿಷ ಕಾಯುವನು. ಅಷ್ಟರಲ್ಲಿ ಮತ್ತೊಬ್ಬನು ಬಾರದಿದ್ದರೆ ಹೊರಟುಹೋಗುವನು. ಅವರು ಸಂಧಿಸುವ ಸಂಭವವೆಷ್ಟು?

ಇಲ್ಲಿ ನಾಣ್ಯವಿಲ್ಲ, ದಾಳವಿಲ್ಲ. ಎಣಿಸಲು ಏನೂ ಸಿಕ್ಕದು. ನಿಮಿಷಗಳ ನಡುವೆ ಕ್ಷಣಗಳು, ಕ್ಷಣಗಳ ನಡುವೆ ಮತ್ತೆ ಕ್ಷಣಗಳು. ಆದರೆ ಕಾಗದದ ಮೇಲೆ ೬೦ರ ಬಾಹುವುಳ್ಳ ಒಂದು ಚೌಕವನ್ನು ಬರೆದರೆ ಬೆಳಕು ಬೀಳುತ್ತದೆ. ಅಡ್ಡಗೆರೆಯ ಮೇಲೆ ಮೊದಲನೆಯವನು ಬರುವ ನಿಮಿಷ, ನಿಲುಗೆರೆಯ ಮೇಲೆ ಎರಡನೆಯವನು ಬರುವ ನಿಮಿಷ. ಅವರಿಬ್ಬರ ಆಗಮನವು ಹೇಗೆಯೇ ಆಗಲಿ, ಚೌಕದೊಳಗೆ ಅದಕ್ಕೊಂದು ಬಿಂದುವುಂಟು. ಇಬ್ಬರ ನಿಮಿಷಗಳ ಅಂತರವು ೧೫ನ್ನು ಮೀರಬಾರದೆಂಬುದು ಬೀಜಗಣಿತದ ಅಸಮತೆ. ಆ ಅಸಮತೆಯು ಚೌಕದ ಮೂಲೆಯಿಂದ ಮೂಲೆಗೆ ಓಡುವ ಒಂದು ಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ, ಇದು ಕ್ಷೇತ್ರಗಣಿತ. ಪಟ್ಟಿಯ ಹೊರಗೆ ಉಳಿದವು ಎರಡು ಲಂಬಕೋನ ತ್ರಿಭುಜಗಳು, ಒಂದೊಂದರ ಭುಜವೂ ೪೫. ಎರಡನ್ನೂ ಕರ್ಣದ ಮೇಲೆ ಜೋಡಿಸಿದರೆ ೪೫ರ ಬಾಹುವುಳ್ಳ ಒಂದು ಚೌಕವಾಗುವುದು. ಅದರ ಫಲ ೨,೦೨೫. ದೊಡ್ಡ ಚೌಕದ ಫಲ ೩,೬೦೦. ಪಟ್ಟಿಯ ಪಾಲಿಗೆ ಉಳಿದದ್ದು ೧,೫೭೫. ಇದನ್ನು ೩,೬೦೦ರಿಂದ ಭಾಗಿಸಿದರೆ ೧೬ರಲ್ಲಿ ೭. ಇದು ಸಂಭವನೀಯತೆ. ಸಂಧಿಸುವ ಸಂಭವವು ಅರ್ಧಕ್ಕಿಂತ ಸ್ವಲ್ಪ ಕಡಮೆಯೆಂದಾಯಿತು.

ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಸಂಭವವು ಸರಿಯಾಗಿ ಅರ್ಧವಾಗಬೇಕಾದರೆ ಒಬ್ಬೊಬ್ಬನೂ ಎಷ್ಟು ಹೊತ್ತು ಕಾಯಬೇಕು? ಈಗ ಹೊರಗಿನ ಎರಡು ತ್ರಿಭುಜಗಳು ಕೂಡಿ ೧,೮೦೦ ಆಗಬೇಕು. ೬೦ರಲ್ಲಿ ‘ಯಾ’ ಕಳೆದುದರ ವರ್ಗವು ೧,೮೦೦. ವರ್ಗಮೂಲವನ್ನು ತೆಗೆದರೆ ಸುಮಾರು ಹದಿನೇಳೂವರೆ ನಿಮಿಷವೆಂದು ಬರುವುದು. ಕಾಲು ಗಂಟೆಯ ಮೇಲೆ ಇನ್ನೆರಡೂವರೆ ನಿಮಿಷದ ತಾಳ್ಮೆಯಿಂದ ಅದೃಷ್ಟವು ಸರಿಪಾಲಿಗೆ ಬರುತ್ತದೆ! ಇಂಥ ಲೆಕ್ಕವನ್ನು ಒಮ್ಮೆ ತಾನಾಗಿ ಬಿಡಿಸಿದ ಹುಡುಗನು, ರೇಖಾಗಣಿತವು ಏತಕ್ಕೆ, ಬೀಜಗಣಿತವು ಏತಕ್ಕೆ ಎಂದು ಮತ್ತೆ ಕೇಳುವುದಿಲ್ಲ.

ಮಿಶ್ರಾಭ್ಯಾಸವು ಮೇಲೆಂಬುದು ಹಳೆಯ ಉಪಾಧ್ಯಾಯರ ಅನುಭವದ ಮಾತು ಮಾತ್ರವಲ್ಲ, ಪ್ರಯೋಗದಿಂದಲೂ ಸಿದ್ಧವಾಗಿದೆ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ರೋರರ್ ಎಂಬ ಮನಶ್ಶಾಸ್ತ್ರಜ್ಞರು ಟೇಲರ್ ಎಂಬವರೊಡನೆ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪರೀಕ್ಷೆಯೊಂದನ್ನು ೨೦೦೭ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಶಾಲೆಯಲ್ಲಿ ಕಲಿಸದ ನಾಲ್ಕು ಘನಾಕೃತಿಗಳ ಘನಫಲವನ್ನು ಕಂಡುಹಿಡಿಯುವುದು ವಿಷಯ. ಕೆಲವರು ಒಂದು ಆಕೃತಿಯ ಲೆಕ್ಕಗಳನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ಹೋದರು. ಮತ್ತೆ ಕೆಲವರಿಗೆ ನಾಲ್ಕನ್ನೂ ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಬೇರ್ಪಡಿಸಿ ಮಾಡಿದವರಿಗೆ ನೂರಕ್ಕೆ ೮೯ ಸರಿಯಾದುವು, ಬೆರೆಸಿ ಮಾಡಿದವರಿಗೆ ೬೦ ಮಾತ್ರ. ಒಂದು ವಾರ ಕಳೆದು ಪರೀಕ್ಷಿಸಿದರೆ ತಕ್ಕಡಿ ತಿರುಗಿಬಿಟ್ಟಿತು: ಬೇರ್ಪಡಿಸಿ ಮಾಡಿದವರಿಗೆ ನೂರಕ್ಕೆ ೨೦, ಬೆರೆಸಿ ಮಾಡಿದವರಿಗೆ ೬೩. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ರೋರರ್ ಮತ್ತು ಅವರ ಸಂಗಡಿಗರು ಏಳನೆಯ ತರಗತಿಯ ೫೪ ವರ್ಗಗಳನ್ನು, ಒಟ್ಟು ೭೮೭ ಮಕ್ಕಳನ್ನು ತೆಗೆದುಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರು. ಅಭ್ಯಾಸ ಮುಗಿದು ಒಂದು ತಿಂಗಳಾದ ಮೇಲೆ ಮುನ್ಸೂಚನೆಯಿಲ್ಲದೆ ಪರೀಕ್ಷಿಸಲಾಗಿ, ಮಿಶ್ರಾಭ್ಯಾಸದ ಮಕ್ಕಳಿಗೆ ನೂರಕ್ಕೆ ೬೧, ಉಳಿದವರಿಗೆ ೩೮ ದೊರೆತುವು.

ಈ ಅಂಕಿಗಳಲ್ಲಿ ಗೃಹಸ್ಥರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಮೊದಲನೆಯ ಪರೀಕ್ಷೆಯ ಮೊದಲನೆಯ ಭಾಗವನ್ನು. ಚೆನ್ನಾಗಿ ಕಲಿಯುತ್ತಿದ್ದವರೇ ಅಭ್ಯಾಸದ ಹೊತ್ತಿನಲ್ಲಿ ಹೆಚ್ಚು ತಪ್ಪುತ್ತಿದ್ದರು! ಅಂದಿನ ದಿನ ಅವರನ್ನು ನೋಡಿದವರು, ಇವರು ಹಿಂದುಳಿದವರು, ಆ ಇನ್ನೊಂದು ಗುಂಪಿನವರು ಜಾಣರು ಎಂದು ತೀರ್ಮಾನಿಸುತ್ತಿದ್ದರಲ್ಲವೆ? ಮನೆಗಳಲ್ಲಿ ದಿನವೂ ನಡೆಯುವ ತೀರ್ಮಾನ ಇಂಥದೇ. ಸಂಜೆಯ ವೇಳೆ ಬೆರಕೆಯ ಲೆಕ್ಕಗಳನ್ನು ಮುಂದಿಟ್ಟುಕೊಂಡ ಮಗಳು, “ಅಪ್ಪಾ, ಇದು ಯಾವ ಪಾಠದ ಲೆಕ್ಕ?” ಎಂದು ಕೇಳುತ್ತಾಳೆ. ಅಪ್ಪನು, “ಅಷ್ಟೂ ತಿಳಿಯದೇನಮ್ಮ? ಮೊನ್ನೆಯಷ್ಟೆ ಮಾಡಿದ್ದೆಯಲ್ಲ!” ಎನ್ನುತ್ತಾನೆ, ಇಲ್ಲವೆ ಮಮತೆಯಿಂದ, “ಇದು ಆರನೆಯ ಪಾಠದ್ದು” ಎಂದು ಹೇಳಿಬಿಡುತ್ತಾನೆ. ಗದರಿಕೆಯಿಂದ ಮಗುವಿನ ಧೈರ್ಯ ಹೋಗುತ್ತದೆ. ಮಮತೆಯಿಂದ ಮಗುವು ಕಲಿಯಬೇಕಾಗಿದ್ದ ಒಂದೇ ಒಂದು ಸಂಗತಿಯು ಹೋಗುತ್ತದೆ. ಯಾವ ಪಾಠದ್ದೆಂದು ತಡಕಾಡುವ ಆ ಐದು ನಿಮಿಷವೇ ಗಣಿತ. ಉಳಿದದ್ದು ಕೂಡುವುದು, ಕಳೆಯುವುದು. ಅದನ್ನು ಇಂದು ಯಂತ್ರವೂ ಮಾಡಬಲ್ಲದು.

ಇದರಿಂದ ಮೊದಲ ದಿನವೇ ಎಲ್ಲವನ್ನೂ ಬೆರೆಸಿ ಮಗುವಿನ ತಲೆಯ ಮೇಲೆ ಸುರಿಯಬೇಕೆಂದು ಯಾರೂ ತಿಳಿಯಬಾರದು. ಹೊಸ ಉಪಾಯವೊಂದನ್ನು ಕಲಿಯುವಾಗ ಅದರ ಮೆಟ್ಟಿಲುಗಳು ಕಾಲಿಗೆ ಹತ್ತುವವರೆಗೆ ಅದನ್ನೇ ಪ್ರತ್ಯೇಕವಾಗಿ ಮಾಡಬೇಕು. ಮೂರು ನಾಲ್ಕು ಲೆಕ್ಕಗಳಿಂದ ಅದು ಆದೀತು, ಐದಾರರಿಂದಲಾದರೂ ಆದೀತು. ಆ ಮೇಲಿನ ಹದಿನೈದನ್ನು ಅಂದೇ ಮುಗಿಸುವುದಕ್ಕಿಂತ, ಮುಂದಿನ ವಾರಗಳ ಮೇಲೆ ಚೆಲ್ಲಿ, ಹಳೆಯ ಪಾಠಗಳ ಲೆಕ್ಕಗಳೊಡನೆ ಸೇರಿಸುವುದು ಲೇಸು. ಪುಸ್ತಕವು ಹಾಗೆ ಜೋಡಿಸದಿದ್ದರೆ ಮನೆಯವರೇ ಜೋಡಿಸಿಕೊಳ್ಳಬಹುದು. ಬೇರೆ ಬೇರೆ ಪಾಠಗಳ ಲೆಕ್ಕಗಳನ್ನು, ಪಾಠದ ಹೆಸರಿಲ್ಲದೆ, ಒಂದೊಂದು ಚೀಟಿಯ ಮೇಲೆ ಬರೆದು ಒಂದು ಡಬ್ಬದಲ್ಲಿ ಹಾಕಿಟ್ಟರೆ ಸಾಕು. ಸಂಜೆಗೆ ಎಂಟು ಚೀಟಿ. ಮಗುವು ಚೀಟಿಯನ್ನು ಓದಿ, ಲೆಕ್ಕವನ್ನು ಮಾಡುವ ಮೊದಲು, ಯಾವ ಉಪಾಯ, ಯಾವ ಗುರುತಿನಿಂದ ಆ ಉಪಾಯವೆಂದು ತಿಳಿಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ‘ಕರ್ಣವೆಂದಿದ್ದಾರೆ, ಆದುದರಿಂದ ಲಂಬಕೋನ’ ಎಂದೋ, ‘ಒಂದನ್ನು ತೆಗೆದು ಮತ್ತೆ ಹಾಕಲಿಲ್ಲ, ಆದುದರಿಂದ ಎರಡನೆಯ ಸಾರಿಗೆ ಒಂದು ಕಡಮೆ’ ಎಂದೋ ಬರೆದರೆ ಆಯಿತು. ಕೆಲವು ದಿನ ಇದನ್ನೇ ಮಾಡಿಸಿ, ಲೆಕ್ಕವನ್ನು ಬಿಡಿಸದೆ ಚೀಟಿಯನ್ನು ಹಿಂದಕ್ಕೆ ಹಾಕಿದರೂ ನಷ್ಟವಿಲ್ಲ. ಉತ್ತರ ತಪ್ಪಾದಾಗ, ಉಪಾಯವನ್ನು ಆರಿಸುವುದರಲ್ಲಿ ತಪ್ಪಿತೋ, ಎಣಿಕೆಯಲ್ಲಿ ತಪ್ಪಿತೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯ ತಪ್ಪಿಗೆ ಮಾತುಕತೆ ಬೇಕು. ಎರಡನೆಯದಕ್ಕೆ ಎಚ್ಚರಿಕೆಯಷ್ಟೆ ಸಾಕು. ಹಿರಿಯರು ಹತ್ತಿರ ಕುಳಿತು ತಾಳ್ಮೆಯಿಂದಿರಬೇಕೇ ಹೊರತು ಗಣಿತದಲ್ಲಿ ಪಂಡಿತರಾಗಿರಬೇಕಾಗಿಲ್ಲ. “ಹೇಗೆ ಗೊತ್ತಾಯಿತಮ್ಮ?” ಎಂದು ಕೇಳಬಲ್ಲ ಅಜ್ಜಿಯೂ ಈ ಕೆಲಸಕ್ಕೆ ಸಾಕು.

ಪರೀಕ್ಷೆಯ ಅಂಕಗಳಿಗಾಗಿ ಇಷ್ಟು ಪ್ರಯಾಸವೇ ಎಂದು ಕೆಲವರು ಕೇಳಬಹುದು. ಅಂಕಗಳ ಮಾತು ಹಾಗಿರಲಿ. ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಒಂದು ಮಗುವು ತನ್ನನ್ನು ತಾನು ದಡ್ಡನೆಂದು, ದಡ್ಡಿಯೆಂದು ನಂಬಿಬಿಟ್ಟರೆ ಆ ನಂಬಿಕೆಯು ಆಯುಷ್ಯದ ಕೊನೆಯವರೆಗೂ ಹಿಂಬಾಲಿಸುತ್ತದೆ. ಗಣಿತವಿರುವ ಯಾವ ವಿದ್ಯೆಯ ಕಡೆಗೂ ಆ ಮಗುವು ಮತ್ತೆ ತಲೆಯೆತ್ತಿ ನೋಡುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು, ಎಷ್ಟೋ ಬಡಮನೆಯ ಹುಡುಗರು ಹೀಗೆ ಹಿಂದಿರುಗಿದವರುಂಟು. ಅವರಲ್ಲಿ ಬುದ್ಧಿಯ ಕೊರತೆಯಿರಲಿಲ್ಲ. ಪಾಠದ ಹೆಸರನ್ನು ಹೇಳಿಕೊಟ್ಟು ಕಲಿಸಿ, ಹೆಸರಿಲ್ಲದೆ ಪರೀಕ್ಷಿಸಿದ ವ್ಯವಸ್ಥೆಯಲ್ಲಿ ಕೊರತೆಯಿದ್ದಿತು. ಈಜನ್ನು ದಡದಲ್ಲಿ ಕಲಿಸಿ ಮಡುವಿನಲ್ಲಿ ನೂಕಿದರೆ ಮುಳುಗಿದವನನ್ನು ದೂಷಿಸುವುದು ನ್ಯಾಯವೇ?

ಶಾಲೆ ಬಿಟ್ಟ ಮೇಲೆ ಎದುರಾಗುವ ಲೆಕ್ಕಗಳಾದರೋ ಎಲ್ಲವೂ ಮಿಶ್ರವೇ. ಮನೆ ಕಟ್ಟಿಸುವವನಿಗೆ ನೆಲದ ಅಳತೆ, ಸಾಲದ ಬಡ್ಡಿ, ಮಳೆಗೆ ಮುಂಚೆ ಮಾಳಿಗೆ ಮುಗಿಯುವ ಸಂಭವ, ಈ ಮೂರೂ ಒಂದೇ ಬೆಳಗ್ಗೆ ಬಾಗಿಲು ತಟ್ಟುತ್ತವೆ. ಅವುಗಳ ತಲೆಯ 위에 ಯಾವ ಪಾಠದ ಹೆಸರೂ ಇರುವುದಿಲ್ಲ. ಅಂಥ ಬೆಳಗ್ಗೆ ಗಾಬರಿಪಡದೆ, ಇದರಲ್ಲಿ ಏನೇನು ಬೆರೆತಿದೆ ನೋಡೋಣವೆಂದು ಕುಳಿತುಕೊಳ್ಳುವ ಸಮಾಧಾನವನ್ನು ಮಕ್ಕಳಿಗೆ ಕೊಡುವುದಾದರೆ, ಸಂಜೆಗೆ ಎಂಟು ಚೀಟಿಗಳ ಶ್ರಮವು ಹೆಚ್ಚೇನೂ ಅಲ್ಲ.